ದೊಡ್ಡಮ್ಮ ಕಾಯಿ ಹಾಕಿದ ದಿನ

ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಗೆ ಹೊಸದಾಗಿ ಬಂದವರು ನಮ್ಮ ಕಡೆಯವರು ಎಂದು ನನಗೆ ತಿಳಿದದ್ದು ಅವರ ಅಡುಗೆಮನೆಯ ಗಾಳಿಯಿಂದ. ತೆಂಗಿನೆಣ್ಣೆಯಲ್ಲಿ ಕೊತ್ತಂಬರಿ, ಮೆಣಸು, ಕಾಯಿತುರಿ ಹುರಿಯುವ ಘಮ. ಕಿಟಕಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಒದ್ದೆ ಟವೆಲನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಯಾರಿಗಾದರೂ ಬಾಯಲ್ಲಿ ನೀರೂರಬೇಕು. ನನಗೆ ದೊಡ್ಡಮ್ಮ ನೆನಪಾದರು...

ಸಯನ್‌ನಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ ನನಗೆ ಸಂಬಂಧದವರೇನಲ್ಲ. ಮದುವೆಯಾಗಿ ಮುಂಬಯಿಗೆ ಬಂದ ಹೊಸತರಲ್ಲಿ, ಹಾಲು ಉಕ್ಕಿಸಿಕೊಂಡು ಅಳುತ್ತ ಕೂತಿದ್ದ ನನ್ನನ್ನು ನೋಡಿ "ಇದಕ್ಕೆಲ್ಲ ಅಳುದಾ ಮಾರಾಯ್ತಿ" ಎಂದು ಗ್ಯಾಸ್ ಒಲೆ ಒರೆಸಿಕೊಟ್ಟವರು. ಅಂದಿನಿಂದ ಅವರು ದೊಡ್ಡಮ್ಮ, ಅವರ ಗಂಡ ದೊಡ್ಡಪ್ಪ. ದೊಡ್ಡಪ್ಪ ದಾದರಿನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತೇ ತಲೆ ನರೆಸಿಕೊಂಡವರು.

ದೊಡ್ಡಪ್ಪನಿಗೆ ಕೊಲೆಸ್ಟ್ರಾಲ್ ಇತ್ತು. ಅವರ ಅಣ್ಣ ಹಾರ್ಟ್ ಅಟ್ಯಾಕಿನಲ್ಲಿ ತೀರಿಕೊಂಡಿದ್ದರಿಂದ ದೊಡ್ಡಮ್ಮನಿಗೆ ಕೊಲೆಸ್ಟ್ರಾಲ್ ಎಂಬ ಹೆಸರು ಕೇಳಿದರೇ ಭಯವಾಗುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟು, ಕಾಯಿ ತುಪ್ಪ ಸ್ವಲ್ಪ ಕಡಿಮೆ ಮಾಡಿ ಎಂದಿದ್ದರು. ದೊಡ್ಡಮ್ಮನಿಗೆ ಸ್ವಲ್ಪ ಎಂಬುದು ಗೊತ್ತೇ ಇರಲಿಲ್ಲ. ಊರಿನಿಂದ ತಂದಿದ್ದ, ಕಾಯಿ ತುರಿಯುವ ಹೆರೆಮಣೆಯನ್ನು ತೊಳೆದು, ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದರು. ತೆಂಗಿನಕಾಯಿ ತುರಿಯದ ಕರಾವಳಿಯ ಮನೆ ಎಂದರೆ ಏನೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಕಾಳಿನ ಗಟ್ಟಿ ಸಾರಾದ ಗಸಿಗೆ ಕಾಯಿಯ ಬದಲು ಹುರಿಗಡಲೆ ಅರೆದು ಹಾಕುತ್ತಿದ್ದರು. ದೊಡ್ಡಪ್ಪ ಅದಕ್ಕೆ ಸಿಮೆಂಟು ಎಂದು ಹೆಸರಿಟ್ಟಿದ್ದರು. "ನನ್ನ ಹಾರ್ಟ್ ಗಟ್ಟಿ ಉಂಟು ಮಗಾ, ನಾಲಿಗೆ ಮಾತ್ರ ಸತ್ತಿದೆ" ಎಂದು ನನ್ನೆದುರು ದೂರು ಹೇಳುತ್ತಿದ್ದರು. ಹಳೆಯ ಹೋಟೆಲಿಗೆ ಹೋಗಿ ಕದ್ದು ಚಟ್ನಿ ತಿಂದು ಬಂದರೆ ದೊಡ್ಡಮ್ಮ ಬಾಗಿಲಲ್ಲೇ ಅವರ ಮೀಸೆ ಮೂಸಿ ಹಿಡಿಯುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಆದರೆ ಅಷ್ಟು ವರ್ಷವೂ ದೊಡ್ಡಮ್ಮ ತಾವೂ ಕಾಯಿ ಮುಟ್ಟಲಿಲ್ಲ. ಗಂಡನಿಗೆ ಇಲ್ಲದ್ದು ತಮಗೂ ಬೇಡ ಎಂದು ಬಿಟ್ಟರು.

ಒಂದು ಮಳೆಗಾಲ ದೊಡ್ಡಪ್ಪನ ಕಾಲಿಗೆ ಚಪ್ಪಲಿ ಕಚ್ಚಿತು. ಅದೇ ಗಾಯದಲ್ಲಿ ದಾದರ್ ಸ್ಟೇಷನ್ನಿನ ಹೊರಗೆ ನಿಂತ ಕೊಳಕು ನೀರು ದಾಟಿ ಬಂದರು. ಕಾಲು ಕೆಂಪಾಗಿ ಊದಿತು, ಜ್ವರ ಬಂತು. ಡಾಕ್ಟರು ಔಷಧಿ ಶುರುಮಾಡಿ, ಜ್ವರ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಬೇಕು ಎಂದು ಹೇಳಿ, ರಕ್ತ ಪರೀಕ್ಷೆ ಬರೆದುಕೊಟ್ಟರು. ಮನೆಗೆ ರಕ್ತ ತೆಗೆಯಲು ಬಂದ ಹುಡುಗಿಗೆ ದೊಡ್ಡಮ್ಮ, ಹೇಗೂ ಚುಚ್ಚುತ್ತೀ, ಕೊಲೆಸ್ಟ್ರಾಲೂ ನೋಡಿಬಿಡು, ಇನ್ನೊಂದು ಸಲ ಚುಚ್ಚುವುದು ತಪ್ಪುತ್ತದೆ ಎಂದರಂತೆ. ಗಂಡನಿಗೆ ಒಂದು ಸೂಜಿಯ ನೋವು ಉಳಿಸಲು ನೋಡಿದರು, ಅಷ್ಟೇ.

ಮರುದಿನ ರಿಪೋರ್ಟು ಮೊಬೈಲಿಗೆ ಬಂತು. ದೊಡ್ಡಮ್ಮನಿಗೆ ಇಂಗ್ಲಿಷ್ ಬಾರದು. ಆದರೆ ಕೊಲೆಸ್ಟ್ರಾಲಿನ ಆ ಒಂದು ಸಾಲನ್ನು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದರು. ಹೆಚ್ಚಿದೆ ಎಂದು ಪ್ರತಿಸಲ ದಪ್ಪಕ್ಷರದಲ್ಲಿ ಬರುತ್ತಿದ್ದ ಆ ಅಂಕಿ ಈ ಸಲ ತೆಳ್ಳಗೆ, ಎಂದೂ ಇಲ್ಲದಷ್ಟು ಕೆಳಗೆ ಇಳಿದಿತ್ತು. ಮೇಲೆ ಬಿಳಿ ರಕ್ತಕಣಗಳ ಸಾಲು ದಪ್ಪಗೆ ಏರಿ ಕೂತದ್ದರ ಕಡೆಗೆ ಅವರ ಕಣ್ಣು ಹೋಗಲಿಲ್ಲ. ನಮ್ಮ ಬಾಗಿಲಿಗೆ ಬಂದು "ನೋಡು, ಇಳಿದಿದೆ. ಕಡೆಗೂ ಇಳಿದಿದೆ. ಇವತ್ತು ಕಾಯಿ ಹಾಕ್ತೇನೆ" ಎಂದರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಹೆರೆಮಣೆ ಹೊರಗೆ ಬಂತು. ಇಡೀ ಮಹಡಿಗೆ ಕಾಯಿ ಹುರಿದ ಘಮ ಹರಡಿತು. ಹೆಸರುಕಾಳಿನ ಗಸಿ, ನೀರುದೋಸೆ. ದೊಡ್ಡಪ್ಪ ಜ್ವರದಲ್ಲೇ ಎದ್ದು ಕೂತು ಎರಡು ತುತ್ತು ತಿಂದರು. ಚೆನ್ನಾಗುಂಟು ಎಂದರು... ಮೂರನೆಯ ತುತ್ತು ಬಾಯಿಗೆ ಹೋಗಲಿಲ್ಲ.

ಆ ಸಂಜೆಯೇ ಅವರು ಏನೇನೋ ಬಡಬಡಿಸತೊಡಗಿದರು. ಆಸ್ಪತ್ರೆಗೆ ಒಯ್ದಾಗ ಕಾಲಿನ ನಂಜು ರಕ್ತಕ್ಕೆ ಇಳಿದಿದೆ ಎಂದು ನೇರ ಐಸಿಯುಗೆ ಹಾಕಿದರು. ಹೊರಗಿನ ಬೆಂಚಿನಲ್ಲಿ ಕೂತ ದೊಡ್ಡಮ್ಮ ಒಳಗೆ ಹೋಗಲು ಒಪ್ಪಲೇ ಇಲ್ಲ. ನೋಡಲು ಕರೆದರೂ ಏಳಲಿಲ್ಲ. "ಎರಡು ತುತ್ತು ಕಾಯಿ ತಿನ್ನಿಸಿ ಕೊಂದೆ. ಯಾವ ಮುಖ ಇಟ್ಟುಕೊಂಡು ಹೋಗುದು?" ಎಂಬುದೊಂದೇ ಮಾತು. ಡೊಂಬಿವಲಿಯಿಂದ ಓಡಿಬಂದ ಮಗಳು ಹೇಳಿದಳು, ನಾನು ಹೇಳಿದೆ. ಕೇಳಲಿಲ್ಲ. ಒಳಗೆ ದೊಡ್ಡಪ್ಪ ಒಬ್ಬರೇ ಇದ್ದರು.

ಕೊನೆಗೆ ನಾನೇ ಐಸಿಯುವಿನ ಡಾಕ್ಟರಮ್ಮನನ್ನು ಹಿಡಿದು ಬೇಡಿಕೊಂಡೆ. ಚಿಕ್ಕ ಪ್ರಾಯದವಳು, ತಾಯಿಯ ಊರು ಉಡುಪಿಯಂತೆ, ಮುರುಕು ಕನ್ನಡ ಬರುತ್ತಿತ್ತು. ಅವಳು ಬಂದು ದೊಡ್ಡಮ್ಮನ ಪಕ್ಕ ಕೂತಳು. "ಆಂಟಿ, ಕಾಯಿಯಿಂದ ಏನೂ ಆಗ್ಲಿಲ್ಲ" ಎಂದು ಶುರುಮಾಡಿ, ಹಿಂದಿ ಬೆರೆಸಿಕೊಂಡು ನಿಧಾನವಾಗಿ ಬಿಡಿಸಿ ಹೇಳಿದಳು. ಕೊಲೆಸ್ಟ್ರಾಲ್ ರಕ್ತದಲ್ಲಿ ತಾನಾಗಿ ತಿರುಗುವುದಿಲ್ಲ, ಅದನ್ನು ಹೊತ್ತು ಒಯ್ಯುವ ಸಣ್ಣ ಸಣ್ಣ ಕಣಗಳಿವೆ. ನಂಜು ಏರಿದಾಗ ಬ್ಯಾಕ್ಟೀರಿಯಾದ ವಿಷವನ್ನು ಅವು ತಮ್ಮ ಮೈಗೆ ಅಂಟಿಸಿಕೊಂಡು ಲಿವರಿನ ಕಡೆ ಸಾಗಿಸುತ್ತವೆ. ರೋಗದ ಜೊತೆ ಹೊಡೆದಾಡುವ ಬಿಳಿ ಕಣಗಳು ರೊಚ್ಚಿಗೆದ್ದು ನಮ್ಮ ಮೈಯನ್ನೇ ಸುಡದ ಹಾಗೆ ಈ ಸಣ್ಣ ಕಣಗಳೇ ಆದಷ್ಟು ತಡೆಯುತ್ತವೆ. ಹಾಗೆ ಮಾಡುತ್ತ ಮಾಡುತ್ತ ಅವೇ ಖರ್ಚಾಗಿ ಹೋಗುತ್ತವೆ. ಕೊಲೆಸ್ಟ್ರಾಲಿನ ಅಂಕಿ ಇಳಿದದ್ದು ಅದಕ್ಕೆ. ಕಾಯಿ ತಿನ್ನುವ ಮೊದಲೇ ನಂಜು ಒಳಗಿತ್ತು.

ದೊಡ್ಡಮ್ಮ ಕಣ್ಣು ಒರೆಸಿಕೊಂಡು ಕೇಳಿಸಿಕೊಂಡರು. ನನಗೆ ಸಮಾಧಾನವಾಯಿತು, ಇನ್ನು ಏಳುತ್ತಾರೆ ಎಂದುಕೊಂಡೆ. ಅವರು ಬಹಳ ಮೆಲ್ಲಗೆ, "ಹಾಗಾದ್ರೆ ಆ ಕೊಲೆಸ್ಟ್ರಾಲ್ ಇವರ ಪರವಾಗಿ ಹೊಡೆದಾಡಿ ಹೋದದ್ದಾ?" ಎಂದು ಕೇಳಿದರು. ಡಾಕ್ಟರಮ್ಮ ಹೌದೆಂದು ತಲೆಯಾಡಿಸಿದಳು.

"ಮತ್ತೆ ನಾನು ಇಷ್ಟು ವರ್ಷ ಕಾಯಿ ಕೊಡದೆ ಅದನ್ನು ಕಡಿಮೆ ಮಾಡಿದ್ದಲ್ವಾ. ಇನ್ನೂ ಸ್ವಲ್ಪ ಇದ್ದಿದ್ರೆ ಸಾಕಾಗ್ತಿತ್ತಾ ಡಾಕ್ಟ್ರೇ?"

ಆ ಹುಡುಗಿಗೆ ಸುಳ್ಳು ಹೇಳಲು ಬರಲಿಲ್ಲ. ಗೊತ್ತಿಲ್ಲ ಆಂಟಿ, ಅದು ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂದಳು. ನೀವು ಮಾಡಿದ್ದು ಹಾರ್ಟಿಗೆ ಒಳ್ಳೆಯದೇ, ಅದಕ್ಕೇ ಇಷ್ಟು ವರ್ಷ ಚೆನ್ನಾಗಿದ್ದರು ಎಂದೂ ಹೇಳಿದಳು. ದೊಡ್ಡಮ್ಮ ಆ ‘ಗೊತ್ತಿಲ್ಲ’ ಎಂಬ ಮಾತಿನಲ್ಲೇ ನಿಂತುಬಿಟ್ಟಿದ್ದರು. ಎದ್ದು, ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಗಾಜಿನಾಚೆಯಿಂದ ನನಗೆ ಕಂಡದ್ದು ಅವರ ಬೆನ್ನು ಮಾತ್ರ. ದೊಡ್ಡಪ್ಪನ ಊದದೆ ಉಳಿದಿದ್ದ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಮಾರನೆಯ ದಿನ ದೊಡ್ಡಪ್ಪ ಹೋದರು.

ಕ್ರಿಯೆಯ ದಿನ ತೀರಿಹೋದವರ ಹೆಸರಿನಲ್ಲಿ ಎಲೆ ಬಡಿಸಬೇಕಲ್ಲ, ದೊಡ್ಡಮ್ಮ ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಗಸಿಗೆ ಕಾಯಿ, ಪಲ್ಯಕ್ಕೆ ಕಾಯಿ, ಪಾಯಸಕ್ಕೆ ಕಾಯಿಹಾಲು. ಸಂಬಂಧಿಕರ ಹೆಂಗಸೊಬ್ಬರು ಬಾಯಿತಪ್ಪಿ, "ಇಷ್ಟು ಕಾಯಿಯಾ? ಅವರಿಗೆ ಕೊಲೆಸ್ಟ್ರಾಲ್ ಅಲ್ವಾ" ಎಂದುಬಿಟ್ಟರು. ದೊಡ್ಡಮ್ಮ ದೊಡ್ಡಪ್ಪನ ಎಲೆಯ ಮೇಲೆ ಇನ್ನೊಂದು ಸೌಟು ಗಸಿ ಬಡಿಸಿ, "ಈ ಸಲವಾದ್ರೂ ಅವರಿಗೆ ಕಡಿಮೆ ಬೀಳುದು ಬೇಡ" ಎಂದರು.

ಆಮೇಲೆ ಅವರು ಮಗಳ ಮನೆಗೆ ಹೋದರು, ನಾವು ಇಲ್ಲಿಗೆ ಬಂದೆವು. ಹೋದ ವರ್ಷ ದೊಡ್ಡಮ್ಮನೂ ತೀರಿಕೊಂಡರು. ಹೆರೆಮಣೆಯನ್ನು ನಿಮಗೇ ಕೊಡಲು ಹೇಳಿದ್ದರು ಎಂದು ಮಗಳು ತಂದುಕೊಟ್ಟಳು.

ಈಗ ನನ್ನ ಗಂಡನ ರಿಪೋರ್ಟಿನಲ್ಲೂ ಆ ಸಾಲು ದಪ್ಪಗೆ ಬರುತ್ತಿದೆ. ಡಾಕ್ಟರು ಹೇಳಿದಂತೆ ಮಾತ್ರೆ ಕೊಡುತ್ತೇನೆ, ಕಾಯಿಯನ್ನೂ ಕಡಿಮೆ ಮಾಡಿದ್ದೇನೆ. ಅದು ಸರಿ ಎಂದು ನನಗೆ ಗೊತ್ತು. ಆದರೂ ಇವತ್ತು ಕೆಳಗಿನ ಮನೆಯ ಘಮ ಮೇಲೆ ಬರುತ್ತಿದ್ದಾಗ ಹೆರೆಮಣೆಯ ಮುಂದೆ ಕೂತು, ಅರ್ಧ ಹೋಳು ಕೈಯಲ್ಲಿ ಹಿಡಿದುಕೊಂಡು, ಇಷ್ಟು ಸಾಕೇ, ಇನ್ನೂ ಸ್ವಲ್ಪ ಬೇಕೇ ಎಂದು ತಿಳಿಯದೆ ಬಹಳ ಹೊತ್ತು ಕೂತಿದ್ದೆ... ಇನ್ನೂ ಸ್ವಲ್ಪ ಇದ್ದಿದ್ದರೆ ಸಾಕಾಗುತ್ತಿತ್ತೇ ಎಂಬ ಅವರ ಪ್ರಶ್ನೆಗೆ ಎಂದಾದರೂ ಯಾರಾದರೂ ಉತ್ತರ ಕಂಡುಹಿಡಿದಾರು. ಓಡಿಹೋಗಿ ಹೇಳಲು ಪಕ್ಕದ ಮನೆಯಲ್ಲಿ ದೊಡ್ಡಮ್ಮ ಇಲ್ಲ.