ಧರ್ಮಪಾಲರ ಏಕೈಕ ಚಿತ್ರ

ದುಬೈ ಬಳಿಯ ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ಧರ್ಮಪಾಲರನ್ನು ಅಲ್ಲಿ ನೆಲೆಸಿದ ಮಂಗಳೂರು ಕರಾವಳಿಯ ಜನ ಆ ಉದ್ಯೋಗದಿಂದ ಗುರುತಿಸುತ್ತಿರಲಿಲ್ಲ. ಹಗಲೆಲ್ಲ ರಟ್ಟಿನ ಪೆಟ್ಟಿಗೆಗಳ ನಡುವೆ ಸವೆಯುತ್ತಿದ್ದ ಆ ಜೀವವು ವಾರದ ರಜೆ ಬಂದಿತೆಂದರೆ ತುಳು ನಾಟಕಕಾರನಾಗಿ, ನಿರ್ದೇಶಕನಾಗಿ ಬೇರೊಂದು ಜನ್ಮವನ್ನೇ ತಾಳುತ್ತಿತ್ತು. ದುಬೈ, ಅಬುಧಾಬಿಗಳ ಸಂಘಗಳು ವರ್ಷಕ್ಕೊಮ್ಮೆ ನಡೆಸುವ ಕೂಟದಲ್ಲಿ ಆಡುವ ನಾಟಕ ಅವರದೇ ಆಗಿರಬೇಕೆಂಬುದು ಎರಡು ದಶಕಗಳಿಂದ ಬಂದ ವಾಡಿಕೆ.

ಅವರು ನಾಟಕ ಕಟ್ಟುತ್ತಿದ್ದ ಬಗೆಯೇ ಬೇರೆ. ನಟರೆಲ್ಲರೂ ನೌಕರರು. ಒಬ್ಬನಿಗೆ ಹಗಲು ಪಾಳಿಯಾದರೆ ಇನ್ನೊಬ್ಬನಿಗೆ ಇರುಳು ಪಾಳಿ. ಎಲ್ಲರೂ ಒಂದೇ ದಿನ ಅಭ್ಯಾಸಕ್ಕೆ ಕೂಡಿದ್ದೆಂಬುದೇ ಇಲ್ಲ. ಆದುದರಿಂದ ಧರ್ಮಪಾಲರು ಮಾತುಗಳನ್ನು ಬಾಯಿಪಾಠ ಮಾಡಿಸುವ ಗೋಜಿಗೇ ಹೋಗಲಿಲ್ಲ. ಪ್ರದರ್ಶನದ ದಿನ ಕಟೀಲಿನ ಅಮ್ಮನನ್ನು ನೆನೆದು, ಪಕ್ಕದ ಪರದೆಯ ಮರೆಯಲ್ಲಿ ನಿಂತು, ಮೊದಲ ಮಾತಿನಿಂದ ಮಂಗಳದವರೆಗೆ ಎಲ್ಲರ ಮಾತುಗಳನ್ನೂ ತಾವೇ ಮುಂಚಿತವಾಗಿ ನುಡಿದುಕೊಡುತ್ತಿದ್ದರು.

ಈ ಬಗೆಗೆ ಹೇಳಿ ಮಾಡಿಸಿದಂಥ ನಟನೆಂದರೆ ಜುವಾಕಿಂ. ರುವೈಸ್‌ನ ತೈಲ ಕಾರ್ಖಾನೆಯಲ್ಲಿ ತಂತ್ರಜ್ಞನಾಗಿದ್ದ ಆತನಿಗೆ ಒಂದು ಸಾಲೂ ನೆನಪಿನಲ್ಲಿ ನಿಲ್ಲದು. ಮರೆಯಿಂದ ಮಾತು ಬರುವವರೆಗೆ ತಲೆಬಾಗಿಸಿ ಸುಮ್ಮನಿರುವನು. ಬಂದೊಡನೆ ಅದಕ್ಕೆ ತನ್ನ ಎದೆಯ ಭಾರವನ್ನೆಲ್ಲ ತುಂಬಿ ಹೊರಡಿಸುವನು. ಆ ಮೌನವನ್ನು ಜನರು ಪಾತ್ರದ ಒಳಗುದಿಯೆಂದೇ ನಂಬಿ ಕಣ್ಣೀರಿಡುತ್ತಿದ್ದರು.

“ಪೊರ್ಬುಗಳೇ, ಈ ಸಲವಾದರೂ ಎರಡು ಪುಟ ಓದಿಕೊಂಡು ಬನ್ನಿ ಮಾರಾಯ್ರೆ,” ಎಂದು ಧರ್ಮಪಾಲರು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ರೀತಿಯಲ್ಲೇ ಕರೆದು, ಪ್ರತಿವರ್ಷವೂ ಬೇಡುವರು.

“ನಾನು ಓದಿಕೊಂಡು ಬಂದ್ರೆ ನಿಮಗೆ ಎಂತ ಕೆಲಸ ಧರ್ಮಣ್ಣ? ಪರದೆಯ ಹಿಂದೆ ಬಿರಿಯಾನಿ ತಿನ್ನುವುದಾ?” ಎಂದು ಜುವಾಕಿಂ ನಗುವನು.

ಐವತ್ತು ದಾಟಿದ ಮೇಲೆ ಧರ್ಮಪಾಲರಿಗೆ ಚಿತ್ರವೊಂದನ್ನು ಮಾಡಬೇಕೆಂಬ ಹಂಬಲ ಹುಟ್ಟಿತು. ನಾಟಕವು ಆಡಿದ ಸಂಜೆಯೇ ಅಳಿದುಹೋಗುತ್ತದೆ. ಚಿತ್ರವಾದರೋ ಊರಿಗೂ ತಲುಪೀತು, ತಾವು ಹೋದ ಮೇಲೂ ಉಳಿದೀತು. ಊರಿಗೆ ಮರಳುವುದನ್ನು ವರ್ಷ ವರ್ಷವೂ ಮುಂದೂಡುವ ಅಡುಗೆಯವನೊಬ್ಬನ ಕತೆಯನ್ನು ಅವರೇ ಬರೆದರು. ಅಡುಗೆಯವನು ಜುವಾಕಿಮನಲ್ಲದೆ ಮತ್ತಾರು? ರಜೆಗಳು ಕೂಡಿಬಂದಂತೆಲ್ಲ ಚಿತ್ರೀಕರಣ ಸಾಗಿತು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿದ್ದ ಜುವಾಕಿಮನ ಮನೆಯ ಅಡುಗೆಕೋಣೆಯೇ ಚಿತ್ರದ ಅಡುಗೆಕೋಣೆಯಾಯಿತು. ಆತನ ಹೆಂಡತಿ ವೆಲಿಟಾ ಆಸ್ಪತ್ರೆಯಲ್ಲಿ ನರ್ಸ್. ತಂಡ ಬರುವ ದಿನ ಚಹಾದ ಫ್ಲಾಸ್ಕ್ ತುಂಬಿಸಿಟ್ಟು ಡ್ಯೂಟಿಗೆ ಹೊರಟುಬಿಡುತ್ತಿದ್ದಳು.

ರಂಗದ ಅಭ್ಯಾಸವು ಧರ್ಮಪಾಲರನ್ನು ಬಿಡಲಿಲ್ಲ. ಕ್ಯಾಮೆರಾದ ಪಕ್ಕದಲ್ಲಿಯೇ ನಿಂತು ಎಂದಿನಂತೆ ಗಟ್ಟಿಯಾಗಿ ಮಾತು ಹೇಳಿಕೊಟ್ಟರು. ಧ್ವನಿ ಹಿಡಿಯುತ್ತಿದ್ದ ಶರ್ವಿನ್ ಹೆಡ್‌ಫೋನ್ ಸರಿಸಿ ಮುಖ ಸಿಂಡರಿಸಿದ.

“ಅಂಕಲ್, ಟ್ರ್ಯಾಕ್ ಫುಲ್ ನಿಮ್ಮದೇ ವಾಯ್ಸ್. ಇವರು ಶುರು ಮಾಡುವಾಗ ನೀವು ಇನ್ನೂ ಮುಗಿಸಿರುವುದಿಲ್ಲ.”

“ಅದೆಲ್ಲ ಡಬ್ಬಿಂಗ್‌ನಲ್ಲಿ ಹೋಗ್ತದಲ್ಲ? ಸ್ಟುಡಿಯೊದಲ್ಲಿ ಕೂರಿಸಿ ಚಂದ ಮಾಡಿ ಹೇಳಿಸುವಾ. ಯಲ್ಲಾ, ನಡೀರಿ, ಮುಂದಿನದು.”

ಕಡೆಯ ದೃಶ್ಯದಲ್ಲಿ ಅಡುಗೆಯವನು ಫೋನಿನಲ್ಲಿ ಹೆಂಡತಿಗೆ ಹೇಳುತ್ತಾನೆ: ಇಷ್ಟು ವರ್ಷ ಯಾರು ಯಾರಿಗೋ ಬಡಿಸಿದೆ, ಒಂದು ದಿನ ನೀನು ಕೂತುಕೋ, ನಿನಗೆ ಬಡಿಸುತ್ತೇನೆ. ಅದನ್ನಾಡಿದ ಬಳಿಕ ಜುವಾಕಿಂ ತನ್ನ ಫೋನು ಹಿಡಿದು ಹೊರಗೆ ಹೋದನು.

ಚಿತ್ರೀಕರಣ ಮುಗಿಯಿತು, ಇತರ ನಟರ ಡಬ್ಬಿಂಗೂ ಆಯಿತು. ಜುವಾಕಿಮನ ಸರದಿ ಬರುವ ಮೊದಲೇ, ಪಾಳಿಯ ದಿನಗಳಲ್ಲಿ ಉಳಿಯುತ್ತಿದ್ದ ರುವೈಸ್‌ನ ಕಂಪೆನಿ ಮನೆಯಲ್ಲಿ, ಪಾಳಿಗೆ ಹೊರಡಲು ಬೂಟು ಕಟ್ಟುತ್ತ ಕುಳಿತವನು ಹಾಗೆಯೇ ಒರಗಿದನು. ಭಗವಂತನ ಸಂಕಲ್ಪಕ್ಕೆ ಕಾರಣ ಕೇಳುವವರಾರು! ಶರೀರ ವಿಮಾನದಲ್ಲಿ ಮಂಗಳೂರಿಗೆ ಹೋಯಿತು. ಚಿತ್ರದಲ್ಲಿ ಉಳಿದದ್ದು ತುಟಿಯಾಡಿಸುವ ಮುಖ, ಮತ್ತು ಧರ್ಮಪಾಲರ ಸ್ವರದಡಿಯಲ್ಲಿ ಹೂತುಹೋದ ಆತನ ಸ್ವರ.

ಶರ್ವಿನ್ ತನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸಿ ಸೋತ. ಸ್ವರ ಬೇರ್ಪಡಿಸುವ ಯಂತ್ರಗಳಿಗೂ ಈ ಗಂಟು ಬಿಡಿಸಲಾಗಲಿಲ್ಲ. ಒಂದನ್ನು ಅಳಿಸಹೊರಟರೆ ಇನ್ನೊಂದು ಹರಿದು ಕೈಗೆ ಬರುತ್ತಿತ್ತು. ಚಿತ್ರಮಂದಿರವನ್ನು ಗೊತ್ತುಮಾಡಿದ್ದ ಗೆಳೆಯ ಶ್ರೀನಿಧಿ ಬೇರೊಂದು ದಾರಿ ಹೇಳಿದ.

“ಮಂಗಳೂರಿನಿಂದ ಮಿಮಿಕ್ರಿಯವರನ್ನು ಕರೆಸುವಾ. ಇಲ್ಲದಿದ್ದರೆ ನೀವೇ ಕೊಡಿ ಧರ್ಮಣ್ಣ. ಅವರ ಮಾತಿನ ಏರಿಳಿತ ನಿಮಗಿಂತ ಚಂದ ಯಾರಿಗೆ ಗೊತ್ತುಂಟು?”

ಅದು ನಿಜವೇ ಆಗಿತ್ತು. ಆದರೆ ವೆಲಿಟಾಳಿಗೆ ತಿಳಿಸದೆ ಹಾಗೆ ಮಾಡಲು ಧರ್ಮಪಾಲರಿಗೆ ಮನಸ್ಸಾಗಲಿಲ್ಲ. ಆಕೆ ಮಗಳು ಸ್ಟೇಸಿಯೊಡನೆ ಸ್ಟುಡಿಯೊಗೆ ಬಂದಳು.

“ಬೇರೆ ಸ್ವರ ಹಾಕಬೇಡಿ ಧರ್ಮಣ್ಣ,” ಎಂದಳು. “ಕಡೆಯ ಸೀನು ಮಾಡಿದ ದಿವಸ ಅವರು ನಂಗೆ ಫೋನ್ ಮಾಡಿದ್ರು. ಸಿನೆಮಾ ಬರಲಿ, ಅದರಲ್ಲಿ ನಿಂಗೊಂದು ಮಾತು ಉಂಟು ಅಂದ್ರು. ಎಂತ ಕೇಳಿದ್ರೆ ಹೇಳ್ಲಿಲ್ಲ. ಅದು ನಂಗೆ ಅವರ ಬಾಯಿಂದಲೇ ಕೇಳಬೇಕು.”

ಧರ್ಮಪಾಲರು ಶರ್ವಿನ್‌ನತ್ತ ಸನ್ನೆ ಮಾಡಿದರು. ಶರ್ವಿನ್ ಆ ದೃಶ್ಯವನ್ನು ಹಾಕಿದ. ಏಸಿಯ ಗೊರಕೆಯ ನಡುವೆ ಮೊದಲು ಕೇಳಿಸಿದ್ದು ಧರ್ಮಪಾಲರ ಸ್ವರ: ಒಂದು ದಿನ ನೀನು ಕೂತುಕೋ. ಅದರ ಬಾಲವನ್ನು ಹಿಡಿದು ಜುವಾಕಿಮನ ಸ್ವರ. ಮತ್ತೆ ಇವರದು: ನಿನಗೆ ಬಡಿಸುತ್ತೇನೆ. ಮತ್ತೆ ಆತನದು. ತಮ್ಮ ಸ್ವರ ಅಷ್ಟು ಒರಟಾಗಿರುವುದೆಂದು ಧರ್ಮಪಾಲರಿಗೆ ಅಂದಿನವರೆಗೆ ತಿಳಿದಿರಲಿಲ್ಲ.

“Mamma, it’s just a script,” ಎಂದಳು ಸ್ಟೇಸಿ, ತಾಯಿಯ ತೋಳು ಹಿಡಿದು.

ವೆಲಿಟಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಹಾಗಾದ್ರೆ ಇದು ನೀವು ಬರೆದದ್ದು.”

“ಹೌದು ವೆಲಿಟಾಬಾಯಿ. ನಾನೇ ಬರೆದದ್ದು.”

“ನಾನು ಅವರದ್ದೇ ಮಾತು ಅಂತ ತಿಳ್ಕೊಂಡಿದ್ದೆ.” ಆಕೆ ಎದ್ದಳು. “ಇರಲಿ. ಬಾಯಿಯಾದ್ರೂ ಅವರದ್ದೇ ಅಲ್ವಾ? ಹಾಗೇ ಬಿಡಿ.”

ಆಕೆ ಹೋದ ಮೇಲೆ ಶ್ರೀನಿಧಿ ಸಿಟ್ಟಾದ. “ಹಾಗೇ ಬಿಟ್ರೆ ಜನ ನಗ್ತಾರೆ. ಊರಲ್ಲಿ ಯಾವ ಥಿಯೇಟರ್‌ನವನೂ ತಕ್ಕೊಳ್ಳಲಿಕ್ಕಿಲ್ಲ. ನಿಮ್ಮ ಇಷ್ಟು ವರ್ಷದ ಕೆಲಸ ಖಲಾಸ್. ಒಬ್ಬರಿಗೋಸ್ಕರ ಸಿನೆಮಾ ಕೊಲ್ತೀರಾ?”

ಧರ್ಮಪಾಲರು ಮನೆಗೆ ಹೋಗಿ ದೇವರ ಗೂಡಿನೆದುರು ಕುಳಿತರು. ಕೈ ಜೋಡಿಸಿದರೂ ಏನು ಬೇಡಬೇಕೆಂದು ತೋಚಲಿಲ್ಲ. ಹೆಂಡತಿ ಚಂದ್ರಮತಿ ಊಟಕ್ಕೆ ಕರೆದಾಗ ಅವರು ಮೆಲ್ಲಗೆ ಹೇಳಿದರು: “ಅವರು ಬದುಕಿರುವಾಗ ಅವರ ಮಾತಿನ ಮೇಲೆಲ್ಲ ನಾನೇ ಕೂತಿದ್ದೆ. ಸತ್ತ ಮೇಲೂ ನಾನೇ ಮಾತಾಡುವುದಾ?” ಮರುದಿನ ಶರ್ವಿನ್‌ಗೆ ಕರೆ ಮಾಡಿ, ಜುವಾಕಿಮನ ದೃಶ್ಯಗಳನ್ನು ಇದ್ದಂತೆಯೇ ಇಡಲು ತಿಳಿಸಿದರು.

ಅಬುಧಾಬಿಯಲ್ಲಿ ಪ್ರದರ್ಶನ ನಡೆಯಿತು. ಮಿಕ್ಕವರ ಸ್ವಚ್ಛವಾದ ಮಾತುಗಳ ನಡುವೆ ಜುವಾಕಿಂ ಬಂದಾಗಲೆಲ್ಲ ಸ್ವರ ಇಬ್ಬಗೆಯಾಯಿತು. ಮೊದಲು ಜನ ಯಂತ್ರ ಕೆಟ್ಟಿತೆಂದು ಹಿಂದಿರುಗಿ ನೋಡಿದರು, ಬಳಿಕ ನಕ್ಕರು. “ಎಂತದು, ಧರ್ಮಣ್ಣ ಇಲ್ಲಿಯೂ ಪರದೆಯ ಹಿಂದೆ ನಿಂತಿದ್ದಾರಾ?” ಎಂದು ಯಾರೋ ಕೂಗಿದರು. ವಿರಾಮದ ಅನಂತರ ಅನೇಕ ಆಸನಗಳು ಬರಿದಾಗಿದ್ದವು. ಕಡೆಯ ದೃಶ್ಯ ಬಂದಾಗಲೂ ಹಿಂದಿನ ಸಾಲಿನಲ್ಲಿ ನಗು ನಿಂತಿರಲಿಲ್ಲ. ವೆಲಿಟಾ ಮಾತ್ರ ಮುಂದಕ್ಕೆ ಬಾಗಿ, ಮಡಿಲಲ್ಲಿ ಕೈಯಿಟ್ಟು ಕುಳಿತಿದ್ದಳು.

ಚಿತ್ರ ಊರಿಗೆ ಹೋಗಲಿಲ್ಲ, ಮತ್ತೆಲ್ಲಿಯೂ ತೆರೆಕಾಣಲಿಲ್ಲ. ಮರುವರ್ಷದ ಕೂಟದ ನಾಟಕವನ್ನು ಸಂಘದವರು ಬೇರೊಬ್ಬರಿಗೆ ಒಪ್ಪಿಸಿದರು. ಧರ್ಮಪಾಲರು ಮುಂದೆ ಏನನ್ನೂ ಬರೆಯಲಿಲ್ಲ.

ಪ್ರದರ್ಶನದ ಸಂಜೆ, ಚಿತ್ರಮಂದಿರದ ಹೊರಗೆ, ಅವರ ಕಣ್ಣು ತಪ್ಪಿಸಿ ಜನ ಕರಗುತ್ತಿದ್ದಾಗ ವೆಲಿಟಾ ಹತ್ತಿರ ಬಂದಿದ್ದಳು.

“ಆ ಕಡೆಯ ಸೀನು ಮಾತ್ರ ನನ್ನ ಫೋನಿಗೆ ಕಳಿಸಿ.”

“ಅದರಲ್ಲಿ ನನ್ನ ಸ್ವರವೂ ಉಂಟಲ್ಲ ವೆಲಿಟಾಬಾಯಿ.”

“ನೀವು ಹೇಳಿಕೊಡದಿದ್ರೆ ಅವರು ನಂಗೆ ಅಷ್ಟಾದ್ರೂ ಹೇಳ್ಲಿಕ್ಕಿತ್ತಾ?” ಎಂದಳು. ಅದು ಕುಟುಕೋ, ಕ್ಷಮೆಯೋ ಆಕೆಯ ಮುಖದಿಂದ ತಿಳಿಯುವಂತಿರಲಿಲ್ಲ. “ಬರ್ತೇನೆ. ನಾಳೆ ಡ್ಯೂಟಿ ಉಂಟು.”

ಮರುದಿನ ಗೋದಾಮಿನಲ್ಲಿ ಊಟದ ಬಿಡುವಿನ ವೇಳೆ ಶರ್ವಿನ್‌ನಿಂದ ಆ ತುಣುಕು ಬಂತು. ಧರ್ಮಪಾಲರು ಅದನ್ನು ತೆರೆದು ಕೇಳದೆಯೇ ವೆಲಿಟಾಳಿಗೆ ಕಳುಹಿಸಿದರು.