ಗೆರೆ ಎಳೆಯದ ಪುಸ್ತಕ

ಹತ್ತನೇ ತರಗತಿಗೆ ಬಂದಾಗ ಶಾಲೆಯಲ್ಲಿ ಎಲ್ಲರಿಗೂ ಹೊಸ ಪುಸ್ತಕ ಕೊಟ್ಟರು. ನಾನು ವಿಜ್ಞಾನದ ಪುಸ್ತಕಕ್ಕೆ ಬ್ರೌನ್ ಪೇಪರ್ ಹಾಕಿ ಟ್ರಂಕಿನ ತಳಕ್ಕೆ ಸೇರಿಸಿಬಿಟ್ಟೆ. ಓದುವುದಕ್ಕೆ ಅದೇ ಪುಸ್ತಕದ ಹಳೆಯ ಪ್ರತಿಯಿತ್ತು. ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಯ ಕೂಲಿಗಳಿಗೆಂದು ಕಟ್ಟಿದ್ದ ಲೈನ್ ಮನೆಗಳಲ್ಲಿ ನಮ್ಮಿಂದ ಎರಡು ಮನೆ ಆಚೆಗಿದ್ದ ಅಕ್ಕ ಓದಿ ಬಿಟ್ಟ ಪುಸ್ತಕ ಅದು. ಅವಳಿಗಿಂತ ಮೊದಲು ಇನ್ನಿಬ್ಬರು ಅದನ್ನು ಓದಿದ್ದರು. ಮೂವರೂ ಮುಖ್ಯವಾದ ಸಾಲುಗಳ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ ತಮಿಳಿನಲ್ಲಿ ಏನೇನೋ ಗೀಚಿದ್ದರು. ಅಂಥದ್ದು ಸಿಗುವುದೆಂದರೆ ನಮ್ಮಲ್ಲಿ ಅದೃಷ್ಟ. ಗೆರೆಯಿದ್ದದ್ದನ್ನು ಉರು ಹೊಡೆದರೆ ಸಾಕು, ಮಿಕ್ಕಿದ್ದನ್ನು ಕಣ್ಣೆತ್ತಿ ನೋಡಬೇಕಾಗಿಲ್ಲ.

ನಮಗೆ ವಿಜ್ಞಾನದ ಮೇಷ್ಟ್ರೇ ಇರಲಿಲ್ಲ. ಇದ್ದವರು ವರ್ಗವಾಗಿ ಹೋಗಿದ್ದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಸಮಾಜ ಪಾಠದ ಮೇಷ್ಟ್ರು ವಿಜ್ಞಾನದ ಪೀರಿಯಡ್ಡಿಗೂ ಬಂದು, ಇದು ಇಂಪಾರ್ಟೆಂಟ್, ಇದು ಬೇಡ ಎಂದು ಗೆರೆ ಎಳೆಸಿ ಹೋಗುತ್ತಿದ್ದರು. ನನ್ನ ಪುಸ್ತಕದಲ್ಲಿ ಗೆರೆಗಳು ಆಗಲೇ ಇದ್ದವಲ್ಲ, ನಾನು ಮಹಾರಾಣಿಯ ಹಾಗೆ ಕೈಕಟ್ಟಿ ಕೂತಿರುತ್ತಿದ್ದೆ. ಆ ಮೇಷ್ಟ್ರನ್ನು ಬೈಯಬೇಕೆಂದು ಈಗಲೂ ನಾಲಿಗೆ ತುರಿಸುತ್ತದೆ. ಆದರೆ ಅವರಿಗೇ ಬಾರದ ಪಾಠವನ್ನು ಅವರ ತಲೆಗೆ ಕಟ್ಟಿದವರು ಬೇರೆ ಯಾರೋ.

ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಲ್ಯಾಬ್ ಟೆಕ್ನೀಷಿಯನ್ ಆಗಬೇಕೆಂಬುದು ನನ್ನ ಆಸೆ. ಬಂಗಾರಪೇಟೆಯ ಕಾಲೇಜಿನಲ್ಲಿ ಸೈನ್ಸ್ ಸೀಟುಗಳು ಕಡಿಮೆ, ವಿಜ್ಞಾನದ ಅಂಕ ನೋಡಿಯೇ ಕೊಡುತ್ತಿದ್ದರು. ಅಪ್ಪ ದಿನಾ ಬೆಳಗ್ಗೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಸೀಟು ಸಿಕ್ಕಿದರೆ ಓದಿಸುವುದು ತಮಗೆ ಬಿಟ್ಟಿದ್ದು, ದಕ್ಕಿಸಿಕೊಳ್ಳುವುದು ನನಗೆ ಬಿಟ್ಟಿದ್ದು ಎಂದಿದ್ದರು.

ಪ್ರಿಪರೇಟರಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು: ಮನೆಯಲ್ಲಿ ಒಂದು ಬಲ್ಬು ಕೆಟ್ಟರೂ ಉಳಿದ ಬಲ್ಬುಗಳು ಉರಿಯುವುದೇಕೆ? ನನಗೆ ತಲೆಬುಡ ತಿಳಿಯಲಿಲ್ಲ. ಓಮ್‌ನ ನಿಯಮ ಬಾಯಿಪಾಠವಾಗಿತ್ತು, ಅದನ್ನೇ ದುಂಡಗೆ ಬರೆದು ಕೆಳಗೆ ಗೆರೆಯನ್ನೂ ಎಳೆದೆ. ಸೊನ್ನೆ ಬಂತು. ಇಡೀ ಪತ್ರಿಕೆಯಲ್ಲಿ ಪಾಸಿನ ಅಂಚಿಗೂ ಬಂದಿರಲಿಲ್ಲ. ಸಮಾಜದ ಮೇಷ್ಟ್ರ ಹತ್ತಿರವೇ ಹೋಗಿ ಉತ್ತರ ಕೇಳಿದೆ. ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಸಿಲಬಸ್‌ನಲ್ಲಿಲ್ಲವೇನೋ ಎಂದು ಕೈ ತೊಳೆದುಕೊಂಡರು.

ಹಳೆಯ ಪುಸ್ತಕದ ಗೆರೆಗಳಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ. ಮೇಷ್ಟ್ರ ಮಾತು ನಿಜವೇ ಇರಬೇಕೆಂದುಕೊಂಡು, ಖಾತ್ರಿ ಮಾಡಿಕೊಳ್ಳಲು ಟ್ರಂಕಿನಿಂದ ಹೊಸ ಪುಸ್ತಕ ತೆಗೆದೆ. ತೆರೆದರೆ ಬರೀ ಅಕ್ಷರ. ಗೆರೆಯಿಲ್ಲದ ಪುಟದಲ್ಲಿ ಎಲ್ಲಿಂದ ಓದಬೇಕೆಂದೇ ಗೊತ್ತಾಗಲಿಲ್ಲ. ಮೊದಲ ಸಾಲಿನಿಂದ ಶುರು ಮಾಡಬೇಕೆಂದು ಹೊಳೆಯುವುದಕ್ಕೆ ನನಗೆ ಒಂದಷ್ಟು ಹೊತ್ತು ಹಿಡಿಯಿತು ಎಂದರೆ ನಗುತ್ತೀರಿ. ನಗಿ. ಓದುತ್ತಾ ಹೋದೆ. ಉತ್ತರ ಅಲ್ಲೇ ಇತ್ತು, ಹಳೆಯ ಪುಸ್ತಕದಲ್ಲಿ ಗೆರೆ ನಿಂತ ಜಾಗದಿಂದ ಎರಡೇ ಸಾಲು ಕೆಳಗೆ. ಸಮಾಂತರ ಜೋಡಣೆಯಲ್ಲಿ ಪ್ರತಿ ಬಲ್ಬಿಗೂ ವಿದ್ಯುತ್ತಿಗೆ ಬೇರೆಯದೇ ದಾರಿ, ಒಂದು ಮುಚ್ಚಿದರೆ ಇನ್ನೊಂದು ಮುಚ್ಚುವುದಿಲ್ಲ. ಇಷ್ಟೇ. ಮೈಯೆಲ್ಲ ಉರಿಯಿತು.

ಅವತ್ತಿನಿಂದ ಹೊಸ ಪುಸ್ತಕವನ್ನೇ ಹಿಡಿದೆ. ಒಂದು ಪುಟ ಓದುವುದು, ಮುಚ್ಚುವುದು, ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಾ ಅದನ್ನೇ ನನ್ನ ಮಾತಿನಲ್ಲಿ ಹೇಳಿಕೊಳ್ಳುವುದು. ಎಲ್ಲಿ ತಡವರಿಸುತ್ತೇನೋ ಅಲ್ಲಿಗೆ ಮತ್ತೆ ಹೋಗುವುದು. ಯಾರೂ ಹೇಳಿಕೊಟ್ಟ ಉಪಾಯವಲ್ಲ, ಬೇರೆ ದಾರಿ ಕಾಣದೆ ಮಾಡಿದ್ದು. ವಿಭವಾಂತರ ಎಂಬ ಒಂದು ಪದಕ್ಕೆ ಮೂರು ದಿನ ತಲೆ ಚಚ್ಚಿಕೊಂಡೆ. ಕೊನೆಗೆ ನಮ್ಮ ಸಾಲಿನ ನಲ್ಲಿ ನೋಡಿಯೇ ಅದು ಅರ್ಥವಾಯಿತು. ದಿಣ್ಣೆಯ ಮೇಲಿನ ಮನೆಗಳಿಗೆ ನೀರು ತೊಟ್ಟಿಕ್ಕುತ್ತದೆ, ತಗ್ಗಿನ ಮನೆಗಳಿಗೆ ಭೋರೆಂದು ಬರುತ್ತದೆ. ಮಟ್ಟದ ವ್ಯತ್ಯಾಸ ಹೆಚ್ಚಿದಷ್ಟೂ ಹರಿವು ಜೋರು, ಕರೆಂಟಿನದೂ ಅದೇ ಕಥೆ. ಅರ್ಥವಾದ ಖುಷಿಗಿಂತ ಸಿಟ್ಟೇ ಹೆಚ್ಚು. ಮೇಷ್ಟ್ರು ಎಂಬವರೊಬ್ಬರಿದ್ದರೆ ಐದು ನಿಮಿಷದಲ್ಲಿ ಮುಗಿಯುವ ಮಾತಿಗೆ ನನ್ನ ಮೂರು ದಿನ ಹೋಗಿತ್ತು, ಪರೀಕ್ಷೆಗೆ ಉಳಿದಿದ್ದೇ ಆರು ವಾರ.

ಎರಡು ಪಾಠ ಪೂರ್ತಿ ಮುಗಿಸಿದೆ, ಮೂರನೆಯದು ಅರ್ಧ. ಅಷ್ಟರಲ್ಲಿ ಪರೀಕ್ಷೆ ಬಂದೇಬಿಟ್ಟಿತು. ಆ ಪಾಠಗಳ ಪ್ರಶ್ನೆಗಳಿಗೆ ಕೈ ತಾನಾಗಿ ಓಡಿತು, ಉಳಿದದ್ದಕ್ಕೆ ಮತ್ತೆ ಹಳೇ ಗಿಳಿಪಾಠವೇ ಗತಿಯಾಯಿತು. ಪಾಸಾದೆ. ಮನೆಯಲ್ಲಿ ಅವ್ವ ಕೇಸರಿಬಾತು ಮಾಡಿದಳು.

ಕಾಲೇಜಿನ ಸೈನ್ಸ್ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅಪ್ಪ ಅವತ್ತಿನ ಕೆಲಸ ಬಿಟ್ಟು ಜೊತೆಗೆ ಬಂದಿದ್ದರು. ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಎರಡು ಸಲ ಬೆರಳಾಡಿಸಿ ಓದಿದರು. ನಾನು ಆಫೀಸಿನ ಕಿಟಕಿಗೆ ಹೋದೆ. ಒಳಗೆ ವಯಸ್ಸಾದ ಗುಮಾಸ್ತರೊಬ್ಬರು ಮಾರ್ಕ್ಸ್ ಕಾರ್ಡ್‌ಗಳನ್ನು ಜೋಡಿಸುತ್ತಿದ್ದರು.

"ಸಾರ್, ಅಂಕ ಕಮ್ಮಿ ಬಂದೈತೆ, ಆದ್ರೆ ನಂಗೆ ಬತ್ತದೆ. ಕರೆಂಟಿನ ಪಾಠದಾಗೆ ಏನಾರ ಒಂದ್ ಕೇಳಿ ಸಾರ್, ಏಳ್ತೀನಿ" ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ, ಪಾಪ.

"ನಾನೇನ್ ಕೇಳ್ಲಮ್ಮಾ? ನಂಗೇನ್ ಗೊತ್ತು ಸೈನ್ಸು? ಆರ್ಟ್ಸ್ ಫಾರಂ ಕೊಡ್ಲಾ?"

ಸೈನ್ಸ್ ಗೊತ್ತಿರುವವರು ಯಾರಾದರೂ ಇದ್ದಾರಾ ಎಂದು ಕೇಳಿದೆ. ಲೆಕ್ಚರರುಗಳೆಲ್ಲ ಊಟಕ್ಕೆ ಹೋಗಿದ್ದಾರೆ, ಬಂದರೂ ಪಟ್ಟಿ ಬದಲಾಗುವುದಿಲ್ಲ ಎಂದರು. ಹಿಂದೆ ನಿಂತಿದ್ದವರು ತಳ್ಳತೊಡಗಿದ್ದರು. ಅಪ್ಪ ನನ್ನ ಭುಜದ ಮೇಲಿಂದ ಕೈಚಾಚಿ ಆರ್ಟ್ಸ್ ಫಾರಂ ತೆಗೆದುಕೊಂಡು, ಜೇಬಿನಿಂದ ಪೆನ್ನು ಕೊಟ್ಟರು. ನನಗೆ ಅಳು ಬರಲಿಲ್ಲ. ಗೋಡೆಗೆ ಫಾರಂ ಒತ್ತಿ ಹಿಡಿದು ಹೆಸರು ಬರೆಯುತ್ತಾ, ಒಬ್ಬರಾದರೂ ಕೇಳಿದ್ದರೆ ಹೇಳುತ್ತಿದ್ದೆನಲ್ಲ ಎಂದು ಹಲ್ಲು ಕಚ್ಚಿಕೊಂಡೆ.