ಹೆರಿಗೆ ಕೋಣೆಯಲ್ಲಿ ಹಿಡಿಯಲೊಂದು ಕೈ

ಬೆಳಕು ಹರಿಯುವ ಹೊತ್ತು. ಹೆರಿಗೆ ಕೋಣೆಯ ಹಸಿರು ಬಾಗಿಲಿನ ಹೊರಗೆ ಆಯಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಾರೆ. ಬಕೆಟ್ಟಿಲ್ಲ, ಒರೆಸುವ ಬಟ್ಟೆಯಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ಅವರಿಗೆ ತಿಳಿಯುತ್ತಿಲ್ಲ. ಒಳಗೆ ನೋವು ತಿನ್ನುತ್ತಿರುವವಳು ಅವರ ಮಗಳು.

"ಇವತ್ತು ನೀನು ಆಯಾ ಅಲ್ಲ, ಮಗುವಿನ ಅಜ್ಜಿ. ಸುಮ್ನೆ ಹೊರಗೆ ಕೂತ್ಕೋ" ಎಂದು ಡಾಕ್ಟರಮ್ಮ ಗದರಿದ್ದಾರೆ.

ಈ ಪುಟ್ಟ ಊರಿಗಿರುವ ಹೆರಿಗೆ ಡಾಕ್ಟರು ಅವರೊಬ್ಬರೇ. ಅವರು ಬರುವ ಮುಂಚೆ ಇಲ್ಲಿ ಡಾಕ್ಟರನ್ನು ಹುಡುಕುವುದೆಂದರೆ, ಕಥೆಯ ರಾಜಕುಮಾರ ಏಳು ಸಮುದ್ರದಾಚೆಯ ಗಿಳಿಯನ್ನು ಹುಡುಕಿದ ಹಾಗೆ. ಆಯಮ್ಮ ಹಾಗೆ ಹುಡುಕುತ್ತ ಹೊರಟು, ಅರ್ಧ ದಾರಿಯಲ್ಲಿ ಲಾರಿಯೊಳಗೇ ಈ ಮಗಳನ್ನು ಹೆತ್ತವರು. "ಹಿಡ್ಕೊಳ್ಳೋಕೆ ಒಂದು ಕೈ ಇರ್ಲಿಲ್ಲ ನೋಡಿ. ಲಾರಿ ಹಗ್ಗ ಹಿಡ್ಕೊಂಡಿದ್ದೆ" ಎನ್ನುತ್ತಾರೆ. ಆಸ್ಪತ್ರೆ ಶುರುವಾದಾಗ ಮೊದಲು ಬಂದು ಕೆಲಸ ಕೇಳಿದವರೂ ಅವರೇ.

ಒರೆಸುವುದು, ಒಗೆಯುವುದು, ನೀರು ಕಾಯಿಸುವುದು ಅವರ ಕೆಲಸ. ಯಾರೂ ಹೇಳದೆ ಮಾಡುವ ಇನ್ನೊಂದು ಕೆಲಸವಿದೆ: ಹೆರುವವಳ ಮುಷ್ಟಿಯೊಳಗೆ ತಮ್ಮ ಕೈ ಇಡುವುದು. ತಿಂಗಳಿಗೆ ಇಪ್ಪತ್ತೋ ಮೂವತ್ತೋ ಹೆರಿಗೆ. ಮುಂಗೈ ತುಂಬ ಉಗುರಿನ ಗೀರು. ಆದರೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ಯುವವರು ನರ್ಸಮ್ಮ. ಆಚೆ ನಗು, ಅಳು, ಸಂಭ್ರಮ. ಈಚೆ ಇವರು, ನೆಲ ಒರೆಸುತ್ತ.

"ಸುಳ್ಳು ಯಾಕೆ ಹೇಳ್ಲಿ, ಹೊಟ್ಟೆ ಉರಿಯುತ್ತೆ. ನರ್ಸಮ್ಮನ ಕಂಡ್ರೂ ಉರಿಯುತ್ತೆ, ಕೈ ಚಾಚ್ಕೊಂಡು ನಿಂತಿರೋ ಅಜ್ಜಿಯರನ್ನ ಕಂಡ್ರೂ ಉರಿಯುತ್ತೆ. ಒಂದ್ಸಲನಾದ್ರೂ ಬಾಗಿಲಿಂದಾಚೆ ನಿಂತು ಮಗು ಇಸ್ಕೋಬೇಕು."

ಆ ದಿನ ಇವತ್ತು ಬಂದಿದೆ. ಆದರೆ ಬಾಗಿಲಿಗೆ ಹತ್ತಿರದ ಜಾಗವನ್ನು ಮಗಳ ಅತ್ತೆ ಆಗಲೇ ಹಿಡಿದಿದ್ದಾರೆ.

"ನೀವು ದಿನಾ ನೋಡ್ತೀರಲ್ಲ ಬೀಗಿತಿ, ಇವತ್ತು ಮೊದ್ಲು ನಾನು ಎತ್ಕೋತೀನಿ."

"ದಿನಾ ಊರಿಗೆಲ್ಲ ಬಡಿಸ್ತೀನಿ ಅಂತ ನಂಗೆ ಹಸಿವಾಗಲ್ವಾ?"

ಅಷ್ಟರಲ್ಲಿ ಒಳಗಿಂದ "ಅಮ್ಮಾ!" ಎಂಬ ಕೂಗು. ಹಿಂದೆಯೇ, ಇವತ್ತು ಇವರ ಬದಲಿಗೆ ಒಳಗಿರುವ ಹೊಸ ಆಯಾಳ ದನಿ: "ನನ್ನ ಕೈ ಹಿಡ್ಕೋ ಕಣಮ್ಮ."

"ಅವಳ ಕೈಯಾ?" ಆಯಮ್ಮನ ಮುಖ ಕಪ್ಪಿಡುತ್ತದೆ. ಒಮ್ಮೆ ಬೆಂಚು ನೋಡುತ್ತಾರೆ, ಒಮ್ಮೆ ಬಾಗಿಲು. ಎದ್ದವರೇ ಕೈ ತೊಳೆದು ಒಳನುಗ್ಗುತ್ತಾರೆ. ಡಾಕ್ಟರಮ್ಮ ಗದರುವುದು ಕೇಳುತ್ತದೆ. ಆಮೇಲೆ ಅದೂ ನಿಲ್ಲುತ್ತದೆ.

ಬೆಂಚಿನ ಮೇಲೆ ಬಿಸಿಲು ಬೀಳುವಾಗ ನರ್ಸಮ್ಮ ಹೆಣ್ಣು ಮಗುವನ್ನು ಹೊರತರುತ್ತಾರೆ. ಇಸಿದುಕೊಳ್ಳುವವರು ಮಗಳ ಅತ್ತೆಯೇ.

ಆಯಮ್ಮ ಹೊರಬರುವುದು ನೆಲ ಒರೆಸಿಯಾದ ಮೇಲೆ. "ಅಂತೂ ನೀವೇ ಮೊದ್ಲು ಎತ್ಕೊಂಡ್ರಿ" ಎಂದು ಮುಖ ಸಿಂಡರಿಸುತ್ತಾರೆ.

ಅತ್ತೆಗೂ ಮುನಿಸಿದೆ. "ಅಷ್ಟೊತ್ತು 'ಅಮ್ಮಾ, ಅಮ್ಮಾ' ಅಂತ ಕೂಗಿದ್ಲು, ನನ್ನ ಒಂದ್ಸಲನಾದ್ರೂ ಕರೆದ್ಲಾ?"

ಆಯಮ್ಮನಿಗೆ ನಗು ತಡೆಯುವುದಿಲ್ಲ. ಸೆರಗು ಸರಿಸಿ ಮುಂಗೈ ಮುಂದೆ ಹಿಡಿಯುತ್ತಾರೆ. ಮಾಸಿದ ಗೀರುಗಳ ನಡುವೆ ಒಂದು ಇನ್ನೂ ಕೆಂಪಗಿದೆ.

"ಬೇರೆಯವೆಲ್ಲ ಊರಿನವು. ಇದು ನನ್ನ ಮಗಳದ್ದು. ಮಗು ನೀವೇ ಎತ್ಕೊಳ್ಳಿ, ಇದನ್ನ ಮಾತ್ರ ಕೊಡಲ್ಲ."